ಗಮ್ ಹಾಕಿದರೂ ಬಾಟಲಿಯಲ್ಲಿ ಪದರ ಕಟ್ಟುವುದೇಕೆ?

2025ರ ಸೆಪ್ಟೆಂಬರ್ 22ರಿಂದ ಹಾಲು ಬೆರೆಸಿದ ಪಾನೀಯ ಮತ್ತು ಹಣ್ಣಿನ ರಸದ ಪಾನೀಯಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಬಾದಾಮಿ, ಓಟ್ಸ್‌ನಂಥ ಸಸ್ಯಮೂಲದ ಪಾನೀಯಗಳಿಗಂತೂ ಶೇ 18 ಇದ್ದದ್ದು 5ಕ್ಕೆ ಬಂತು. ಕಿರು ಆಹಾರ ಉದ್ದಿಮೆಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಕೊಡುವ ಶೇ 35 ಸಹಾಯಧನಕ್ಕೆ ಕರ್ನಾಟಕ ಸರ್ಕಾರ ಇನ್ನೂ ಶೇ 15 ಸೇರಿಸಿ, ಒಟ್ಟು 15 ಲಕ್ಷ ರೂಪಾಯಿಯವರೆಗೆ ನೀಡುತ್ತಾ ಬಂದಿದೆ. ಹೀಗಾಗಿ ರಾಗಿ ಮಾಲ್ಟ್, ತೆಂಗಿನ ಹಾಲು, ಮಸಾಲೆ ಮಜ್ಜಿಗೆಯನ್ನು ಬಾಟಲಿಗೆ ತುಂಬಲು ಹೊರಟವರಿಗೆ ಈಗ ಅನುಕೂಲದ ಕಾಲ. ಆದರೆ ಅಂಗಡಿಯಿಂದ ಮಾಲು ವಾಪಸ್ ಬರುವಾಗ ದೂರು ಬೆಲೆಯ ಮೇಲಿರುವುದಿಲ್ಲ. ಮೇಲೆ ತಿಳಿನೀರು, ತಳದಲ್ಲಿ ಗಷ್ಟು, ಕತ್ತಿನಲ್ಲಿ ಎಣ್ಣೆಯ ಉಂಗುರ. ಪದಾರ್ಥ ಕೆಟ್ಟಿರುವುದಿಲ್ಲ, ಆದರೆ ನೋಡಿದ ಗಿರಾಕಿ ಮುಟ್ಟುವುದಿಲ್ಲ.

ಇದಕ್ಕೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ಒಂದಿಷ್ಟು ಗಮ್ (ದ್ರವವನ್ನು ಮಂದ ಮಾಡುವ ಅಂಟಿನ ಪುಡಿ) ಹಾಕಿ, ಗಟ್ಟಿಯಾಗಲಿ. ಅರ್ಧಕ್ಕರ್ಧ ಸಂದರ್ಭಗಳಲ್ಲಿ ಈ ಸಲಹೆ ನಿರುಪಯೋಗಿ, ಕೆಲವು ಸಲ ನೇರವಾಗಿ ಹಾನಿಕರ. ಪಾನೀಯ ಬೇರ್ಪಡುವುದಕ್ಕೆ ಕಾರಣ ಒಂದೇ ಇರುವುದಿಲ್ಲ. ಕೊಬ್ಬಿನ ಹನಿ ಮೇಲೇಳುವುದು, ಹನಿಗಳು ಗುಂಪುಗೂಡುವುದು, ಹನಿಗಳು ಒಡೆದು ಒಂದಾಗುವುದು, ಹಿಟ್ಟಿನ ಕಣ ಕೆಳಗಿಳಿಯುವುದು, ಪ್ರೋಟೀನ್ ಹೆಪ್ಪುಗಟ್ಟಿ ನೀರು ಬಿಡುವುದು: ಇವೆಲ್ಲ ಬೇರೆ ಬೇರೆ ರೋಗಗಳು. ಬಾಟಲಿಯ ಹೊರಗಿಂದ ನೋಡಿದರೆ ಮಾತ್ರ ಎಲ್ಲವೂ ಒಂದೇ ಪದರ.

ಮೊದಲು ಗಾತ್ರದ ಲೆಕ್ಕ ನೋಡೋಣ. ದ್ರವದಲ್ಲಿರುವ ಹನಿ ಏರುವ ಅಥವಾ ಕಣ ಇಳಿಯುವ ವೇಗ ಮೂರು ಸಂಗತಿಗಳನ್ನು ಅವಲಂಬಿಸಿದೆ: ಅದರ ವ್ಯಾಸದ ವರ್ಗ, ಎರಡರ ಸಾಂದ್ರತೆಯ ನಡುವಿನ ವ್ಯತ್ಯಾಸ, ಮತ್ತು ಸುತ್ತಲಿನ ದ್ರವದ ಸ್ನಿಗ್ಧತೆ, ಅಂದರೆ ಅದು ಎಷ್ಟು ಮಂದ ಎಂಬುದು. ಸ್ಟೋಕ್ಸ್ ಸೂತ್ರ ಎಂದು ಎಂಜಿನಿಯರಿಂಗ್ ಓದಿದವರು ನೆನಪಿಸಿಕೊಳ್ಳಬಹುದು. ಮಿಕ್ಸಿಯಲ್ಲಿ ತಿರುವಿದ ತೆಂಗಿನ ಹಾಲಿನ 10 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲೊಂದು ಪಾಲು) ಹನಿಯೊಂದು ನೀರಿನಷ್ಟೇ ತೆಳುವಾದ ದ್ರವದಲ್ಲಿ ಗಂಟೆಗೆ ಸುಮಾರು 17 ಮಿಲಿಮೀಟರ್ ಏರುತ್ತದೆ. 15 ಸೆಂಟಿಮೀಟರ್ ಎತ್ತರದ ಬಾಟಲಿಯಲ್ಲಿ ಒಂದು ರಾತ್ರಿ ಕಳೆಯುವುದರೊಳಗೆ ಕೆನೆ ಮೇಲೆ ಕೂತಿರುತ್ತದೆ. ಅದೇ ಹನಿಯನ್ನು 1 ಮೈಕ್ರಾನ್‌ಗೆ ಒಡೆದರೆ ವೇಗ ನೂರರಲ್ಲೊಂದು ಪಾಲು, ಅಂದರೆ ದಿನಕ್ಕೆ ನಾಲ್ಕು ಮಿಲಿಮೀಟರ್. ಗಮ್ ಹಾಕಿ ಸ್ನಿಗ್ಧತೆಯನ್ನು ಎರಡು ಪಟ್ಟು ಮಾಡಿದರೆ ಸಿಗುವ ಲಾಭ ಎರಡು ಪಟ್ಟು. ಹನಿಯ ವ್ಯಾಸವನ್ನು ಅರ್ಧಕ್ಕಿಳಿಸಿದರೆ ನಾಲ್ಕು ಪಟ್ಟು. ಒತ್ತಡದಿಂದ ಹನಿ ಒಡೆಯುವ ಹೋಮೋಜಿನೈಸರ್ ಯಂತ್ರಕ್ಕೆ ಹಾಕುವ ದುಡ್ಡು ಗಮ್‌ನ ಚೀಲಕ್ಕೆ ಹಾಕುವ ದುಡ್ಡಿಗಿಂತ ಹೆಚ್ಚು ಕೆಲಸ ಮಾಡುವುದು ಇದೇ ಕಾರಣಕ್ಕೆ.

ಗಮ್ ಹಾನಿ ಮಾಡುವ ಬಗೆ ಇನ್ನೂ ವಿಚಿತ್ರ. ಕ್ಸಾಂಥಾನ್‌ನಂಥ ಉದ್ದ ಸರಪಳಿಯ ಗಮ್ ಹನಿಗಳ ಮೈಗೆ ಅಂಟಿಕೊಳ್ಳುವುದಿಲ್ಲ, ನೀರಿನಲ್ಲಿ ಹರಡಿಕೊಂಡಿರುತ್ತದೆ. ಎರಡು ಹನಿಗಳು ಬಲು ಹತ್ತಿರ ಬಂದಾಗ ನಡುವಿನ ಸಂದಿಗೆ ಈ ಸರಪಳಿ ತೂರಲಾರದು. ತೇರಿನ ನೂಕುನುಗ್ಗಲಿನಲ್ಲಿ ಇಬ್ಬರ ನಡುವೆ ಮೂರನೆಯವರು ನುಸುಳಲಾಗದಿದ್ದರೆ ಸುತ್ತಲಿನ ಒತ್ತಡವೇ ಆ ಇಬ್ಬರನ್ನು ಅಂಟಿಸಿಬಿಡುತ್ತದಲ್ಲ, ಹಾಗೆಯೇ ಹನಿಗಳು ಗುಂಪುಗೂಡುತ್ತವೆ. ಗುಂಪು ದೊಡ್ಡ ಹನಿಯಂತೆ ವರ್ತಿಸಿ ಬೇಗ ಏರುತ್ತದೆ. ಆದ್ದರಿಂದ ಶೇ 0.05ರ ಆಸುಪಾಸಿನಲ್ಲಿ ಕ್ಸಾಂಥಾನ್ ಹಾಕಿದ ಬಾಟಲಿ ಏನೂ ಹಾಕದ ಬಾಟಲಿಗಿಂತ ಮೊದಲೇ ಪದರ ಕಟ್ಟಬಹುದು. ಶೇ 0.2 ದಾಟಿದ ಮೇಲೆ ಗಮ್‌ನದೇ ಒಂದು ಬಲೆ ಏರ್ಪಟ್ಟು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ; ಆದರೆ ಅಷ್ಟು ಹಾಕಿದರೆ ಬಾಯಲ್ಲಿ ಲೋಳೆ. ಗ್ವಾರ್ ಗಮ್ ಮತ್ತು ಹಾಲಿನ ಪ್ರೋಟೀನಿಗೂ ಹೊಂದಾಣಿಕೆ ಇಲ್ಲ. ಒಂದು ಮಿತಿ ದಾಟಿದರೆ ಗ್ವಾರ್ ಒಂದು ಪದರ, ಪ್ರೋಟೀನ್ ಇನ್ನೊಂದು ಪದರ. ‘ಸ್ವಲ್ಪವೇ ಹಾಕೋಣ, ಏನೂ ಆಗಲ್ಲ’ ಎನ್ನುವ ಎಚ್ಚರಿಕೆಯೇ ಇಲ್ಲಿ ತಪ್ಪು ದಾರಿಗೆ ಒಯ್ಯುತ್ತದೆ.

ಹಾಗಾದರೆ ಯಾವ ರೋಗ ಎಂದು ಗುರುತಿಸುವುದು ಹೇಗೆ? ಶಾಲಾ ಪ್ರಯೋಗಾಲಯದ 400 ಪಟ್ಟಿನ ಮೈಕ್ರೋಸ್ಕೋಪ್ ಸಾಕು. ಮೇಲಿನ ಕೆನೆಯಿಂದ ಒಂದು ಹನಿ ತೆಗೆದು ಅದೇ ಬಾಟಲಿಯ ಕೆಳಗಿನ ತಿಳಿ ದ್ರವದಲ್ಲಿ ಹತ್ತು ಪಟ್ಟು ತೆಳುಮಾಡಿ ನೋಡಿ; ಬರೀ ನೀರಿನಲ್ಲಿ ತೆಳುಮಾಡಿದರೆ ಗಮ್‌ನಿಂದಾದ ಗುಂಪು ಅಲ್ಲೇ ಬಿಡಿಯಾಗಿಬಿಡಬಹುದು. ಆಮೇಲೆ ಅದೇ ಮಾದರಿಗೆ ಪಾತ್ರೆ ತೊಳೆಯುವ ದ್ರವದ ತೊಟ್ಟು ಬೆರೆಸಿ ಮತ್ತೆ ನೋಡಿ. ದ್ರಾಕ್ಷಿ ಗೊಂಚಲಿನಂತೆ ಕಂಡದ್ದು ಈಗ ಬಿಡಿಬಿಡಿ ಸಣ್ಣ ಹನಿಗಳಾದರೆ ಅದು ಗುಂಪುಗೂಡುವ ರೋಗ. ಔಷಧ ಇರುವುದು ಗಮ್, ಉಪ್ಪು ಮತ್ತು ಪಿಎಚ್‌ನಲ್ಲಿ (ಪಿಎಚ್ ಎಂದರೆ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಡಿಟರ್ಜೆಂಟ್ ಹಾಕಿದ ಮೇಲೂ ದಪ್ಪ ಹನಿಗಳು ದಪ್ಪವಾಗಿಯೇ ಉಳಿದರೆ ಒಂದೋ ಅವು ಮೊದಲೇ ಸರಿಯಾಗಿ ಒಡೆದಿಲ್ಲ, ಇಲ್ಲವೇ ಒಡೆದು ಮತ್ತೆ ಒಂದಾಗಿವೆ. ಯಾವುದು ಎಂದು ತಿಳಿಯಲು ಹೋಮೋಜಿನೈಸರ್‌ನಿಂದ ಹೊರಬಂದ ಕೂಡಲೇ ತೆಗೆದಿಟ್ಟ ಮಾದರಿಯ ಜೊತೆ ಹೋಲಿಸಬೇಕು. ಐದು ನಿಮಿಷದ ಈ ಕೆಲಸ ಮಾಡದೆ ತಿಂಗಳುಗಟ್ಟಲೆ ಗಮ್ ಬದಲಾಯಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಮಜ್ಜಿಗೆಯಲ್ಲಿ ಕೊಬ್ಬು ಅಷ್ಟಾಗಿ ಕಾಟ ಕೊಡುವುದಿಲ್ಲ, ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ ಕೊಡುತ್ತದೆ. ಪಿಎಚ್ 4.6ರಲ್ಲಿ ಕೇಸಿನ್‌ನ ಒಟ್ಟು ವಿದ್ಯುದಂಶ ಶೂನ್ಯ. ಪರಸ್ಪರ ದೂರವಿಡುವ ಬಲ ಇಲ್ಲದೆ ಕಣಗಳು ಕೂಡಿಕೊಂಡು ಹೆಪ್ಪಾಗುತ್ತವೆ. ಮೊಸರಾಗುವುದೇ ಹೀಗೆ. ನೀರು ಬೆರೆಸಿ ಕಡೆದರೆ ಆ ಹೆಪ್ಪು ಚೂರಾಗುತ್ತದೆಯೇ ಹೊರತು ಕರಗುವುದಿಲ್ಲ. ಮನೆಯ ಮಜ್ಜಿಗೆ ಅರ್ಧ ಗಂಟೆಯಲ್ಲಿ ತಿಳಿಯಾಗುವುದನ್ನು ಯಾರೂ ದೋಷ ಎನ್ನುವುದಿಲ್ಲ, ಲೋಟ ತಿರುಗಿಸಿ ಕುಡಿಯುತ್ತಾರೆ. ಬಾಟಲಿಗೆ ಹೋದ ತಕ್ಷಣ ಅದೇ ದೋಷವಾಗುತ್ತದೆ. ಬಿಸಿ ಮಾಡಿದರಂತೂ ಚೂರುಗಳು ಕುಗ್ಗಿ ಗಟ್ಟಿಯಾಗಿ, ನಾಲಿಗೆಗೆ ಮರಳಿನಂತೆ ಹತ್ತುತ್ತವೆ.

ಇಲ್ಲಿ ಕೆಲಸಕ್ಕೆ ಬರುವುದು ಹಣ್ಣಿನ ಸಿಪ್ಪೆಯಿಂದ ತೆಗೆಯುವ ಪೆಕ್ಟಿನ್‌ನ ಒಂದು ಬಗೆಯಾದ ಹೈ ಮೆಥಾಕ್ಸಿಲ್ ಪೆಕ್ಟಿನ್. ಇದನ್ನು ದಪ್ಪ ಮಾಡುವ ಸಾಮಗ್ರಿ ಎಂದುಕೊಂಡರೆ ಕೆಟ್ಟಿತು. ಪಿಎಚ್ 4.6ರ ಕೆಳಗೆ ಕೇಸಿನ್‌ಗೆ ಧನ ವಿದ್ಯುದಂಶ, ಪೆಕ್ಟಿನ್‌ಗೆ ಋಣ. ಪೆಕ್ಟಿನ್ ಕೇಸಿನ್ ಕಣದ ಮೈಗೆ ಕೋಟಿನಂತೆ ಅಂಟಿ ಕಣಗಳನ್ನು ದೂರ ಇಡುತ್ತದೆ. 40 ಕಿಲೋ ಮೊಸರಿಗೆ 60 ಲೀಟರ್ ನೀರು ಎಂದಿಟ್ಟುಕೊಂಡರೆ ಪ್ರೋಟೀನ್ ಶೇ 1.3ರಷ್ಟಿರುತ್ತದೆ, ಅದಕ್ಕೆ 200 ಗ್ರಾಂ ಪೆಕ್ಟಿನ್‌ನಿಂದ ಪ್ರಯೋಗ ಶುರು ಮಾಡಬಹುದು. ಸಿಹಿ ಲಸ್ಸಿಯಾದರೆ ಪೆಕ್ಟಿನ್‌ಗೆ ಐದು ಪಟ್ಟು ಸಕ್ಕರೆ ಬೆರೆಸಿ ನೀರಿಗೆ ಉದುರಿಸಿದರೆ ಗಂಟಾಗುವುದಿಲ್ಲ. ಮಜ್ಜಿಗೆಯಲ್ಲಿ ಸಕ್ಕರೆ ಇಲ್ಲ, ಹಾಗೆಂದು ಉಪ್ಪಿನ ಜೊತೆ ಬೆರೆಸಿ ಹಾಕುವುದು ದೊಡ್ಡ ತಪ್ಪು: ಉಪ್ಪುನೀರಿನಲ್ಲಿ ಪೆಕ್ಟಿನ್ ಸರಿಯಾಗಿ ನೆನೆಯುವುದಿಲ್ಲ. ಆ 60 ಲೀಟರಿನಲ್ಲೇ ಎಂಟು ಲೀಟರ್ ನೀರನ್ನು 75–80 ಡಿಗ್ರಿಗೆ ಕಾಯಿಸಿ, ಜೋರಾಗಿ ತಿರುಗುವ ಮಿಕ್ಸರ್ ಕೆಳಗೆ ಪೆಕ್ಟಿನ್ ಒಂದನ್ನೇ ನಿಧಾನವಾಗಿ ಸುರಿದು, ಪೂರ್ತಿ ಕರಗಿದ ಮೇಲೆ ತಣಿಸಿ, ತಣ್ಣನೆಯ ಮೊಸರಿಗೆ ಸೇರಿಸಿ, ಉಳಿದ ನೀರನ್ನೂ ಹಾಕಿ ಹದಿನೈದು ನಿಮಿಷ ಕಲಕಬೇಕು. ಪಿಎಚ್ 3.9ರಿಂದ 4.2ರ ನಡುವೆ ಇರಲಿ. 4.5ರ ಹತ್ತಿರವಿದ್ದರೆ ಕೇಸಿನ್‌ಗೆ ಪೆಕ್ಟಿನ್ ಅಂಟುವಷ್ಟು ವಿದ್ಯುದಂಶ ಇರುವುದಿಲ್ಲ, 3.6ಕ್ಕಿಂತ ಕೆಳಗಿಳಿದರೆ ಪೆಕ್ಟಿನ್‌ನ ವಿದ್ಯುದಂಶವೇ ಸೋರಿಹೋಗುತ್ತದೆ. ಆಮೇಲೆ 150–200 ಬಾರ್ ಒತ್ತಡದಲ್ಲಿ ಹೋಮೋಜಿನೈಸ್, ಕೊನೆಗೆ ಉಪ್ಪು, ಅನಂತರ ಬಿಸಿ. ಪೆಕ್ಟಿನ್ ಅಂಟುವ ಮೊದಲೇ ಬಿಸಿ ತಗಲಿದರೆ ಮರಳು ಮರಳಾದದ್ದನ್ನು ಯಾವ ಯಂತ್ರವೂ ಸರಿಪಡಿಸದು.

ಪೆಕ್ಟಿನ್ ಪ್ರಮಾಣ ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಮಾದರಿಯನ್ನು ವೇಗವಾಗಿ ತಿರುಗಿಸಿ ಗಷ್ಟು ಇಳಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಕಣ್ಣಾರೆ ನೋಡಬಹುದು. ಶೇ 0.05, 0.10, 0.15 ಹೀಗೆ 0.30ರವರೆಗೆ ಆರು ಮಾದರಿ ಮಾಡಿ, 3000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ತಿರುಗಿಸಿ, ತಳದ ಗಷ್ಟು ತೂಗಿ. ಮೊದಲ ಒಂದೆರಡು ಮಾದರಿಗಳಲ್ಲಿ ಗಷ್ಟು ಪೆಕ್ಟಿನ್ ಇಲ್ಲದ್ದಕ್ಕಿಂತಲೂ ಹೆಚ್ಚಿರಬಹುದು, ಏಕೆಂದರೆ ಅರೆಬರೆ ಪೆಕ್ಟಿನ್ ಒಂದು ಕಣದಿಂದ ಇನ್ನೊಂದಕ್ಕೆ ಸೇತುವೆ ಕಟ್ಟುತ್ತದೆ. ಒಂದು ಹಂತದಲ್ಲಿ ತೂಕ ದಿಢೀರನೆ ಬಿದ್ದು ಆಮೇಲೆ ಹಾಗೇ ನಿಲ್ಲುತ್ತದೆ. ಬಿದ್ದ ಜಾಗಕ್ಕಿಂತ ಒಂದು ಮೆಟ್ಟಿಲು ಮೇಲಿನ ಪ್ರಮಾಣ ನಿಮ್ಮದು. ಪ್ರೋಟೀನ್ ಅಥವಾ ಉಪ್ಪು ಹೆಚ್ಚಿಸಿದರೆ ಈ ಪರೀಕ್ಷೆ ಮತ್ತೆ ಮಾಡಬೇಕು. ಕೊತ್ತಂಬರಿ ಚೂರು, ಜೀರಿಗೆ ಪುಡಿಯನ್ನು ಪೆಕ್ಟಿನ್ ಎತ್ತಿ ಹಿಡಿಯುವುದಿಲ್ಲ. ಅವುಗಳ ಕಷಾಯ ತೆಗೆದು ಸೋಸಿ ಹಾಕುವುದೇ ವಾಸಿ. ಮನೆಯ ರುಚಿ ಬರಲಿ ಎಂದು ಒಗ್ಗರಣೆ ಸುರಿದವರಿಗೆ ಬಾಟಲಿಯ ಕತ್ತಿನಲ್ಲಿ ಎಣ್ಣೆಯ ಉಂಗುರ ಗ್ಯಾರಂಟಿ.

ತೆಂಗಿನ ಹಾಲಿನ ಕಥೆಯೇ ಬೇರೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ತೆಂಗಿನ ಹಾಲಿನಲ್ಲಿ ಕನಿಷ್ಠ ಶೇ 10 ಕೊಬ್ಬಿರಬೇಕು. ಒಂದು ಲೀಟರಿನಲ್ಲಿರುವ ಆ ನೂರು ಗ್ರಾಂ ಎಣ್ಣೆ 10 ಮೈಕ್ರಾನ್ ಹನಿಗಳಾಗಿದ್ದಾಗ ಅವುಗಳ ಒಟ್ಟು ಮೇಲ್ಮೈ ಸುಮಾರು 65 ಚದರ ಮೀಟರ್; 1 ಮೈಕ್ರಾನ್‌ಗೆ ಒಡೆದಾಗ 650. ಹೊಸದಾಗಿ ತೆರೆದ ಅಷ್ಟು ಮೈಗೆ ತಕ್ಷಣ ಹೊದಿಕೆ ಬೇಕು. ಕಾಯಿಯಲ್ಲೇ ಇರುವ ಪ್ರೋಟೀನ್ ಇದಕ್ಕೆ ಸಾಲದು, ಇರುವುದೂ 80 ಡಿಗ್ರಿ ದಾಟಿದರೆ ಹೆಪ್ಪುಗಟ್ಟುತ್ತದೆ. ಹೊದಿಕೆ ಇಲ್ಲದೆ ಒತ್ತಡ ಮಾತ್ರ ಏರಿಸಿದರೆ ಹನಿಗಳು ಯಂತ್ರದ ಬಾಯಿಂದ ಹೊರಬೀಳುತ್ತಲೇ ಮತ್ತೆ ಕೂಡಿಕೊಳ್ಳುತ್ತವೆ. 200 ಬಾರ್‌ನಲ್ಲಿ ಬಂದದ್ದಕ್ಕಿಂತ 300ರಲ್ಲಿ ಬಂದ ಹಾಲು ಕೆಟ್ಟದಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಹೊದಿಕೆಗೆ ಸೋಡಿಯಂ ಕೇಸಿನೇಟ್ ಶೇ 0.5ರಿಂದ 1ರಷ್ಟು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಹಸುವಿನ ಹಾಲಿನದು: ಲೇಬಲ್ ಮೇಲೆ ಹಾಲಿನ ಅಲರ್ಜಿ ಸೂಚನೆ ಬೇಕು, ‘ವೀಗನ್’ ಎಂದು ಹಾಕುವಂತಿಲ್ಲ. ಅದು ಬೇಡವೆಂದರೆ ಐಎನ್‌ಎಸ್ (ಲೇಬಲ್‌ನಲ್ಲಿ ಸೇರ್ಪಡೆಗಳಿಗೆ ಹಾಕುವ ಸಂಖ್ಯೆ) 1450ರ ಮಾರ್ಪಡಿಸಿದ ಪಿಷ್ಟ ಅಥವಾ 435ರ ಪಾಲಿಸಾರ್ಬೇಟ್ 60 ಇವೆ.

ಇನ್ನೊಂದು ತೊಡಕು ಫ್ರಿಜ್‌ನಲ್ಲಿದೆ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಐದು ಡಿಗ್ರಿಯಲ್ಲಿಟ್ಟ ಹಾಲಿನ ಹನಿಯೊಳಗೆ ಕೊಬ್ಬಿನ ಹರಳು ಬೆಳೆದು, ಸೂಜಿಯಂತೆ ಹೊದಿಕೆ ತೂತು ಮಾಡಿ ಪಕ್ಕದ ಹನಿಗೆ ಚುಚ್ಚಿಕೊಳ್ಳುತ್ತದೆ. ಬೆಚ್ಚಗಾದಾಗ ಹರಳು ಕರಗಿ ಎರಡೂ ಒಂದಾಗುತ್ತವೆ. ವರ್ಜಿನ್ ತೆಂಗಿನೆಣ್ಣೆ ಮಾಡುವವರಲ್ಲಿ ಕೆಲವರು ಹಾಲನ್ನು ಬೇಕೆಂದೇ ತಣಿಸಿ ಬೆಚ್ಚಗೆ ಮಾಡಿ ಎಣ್ಣೆ ಬಿಡಿಸುವುದು ಇದೇ ತಂತ್ರದಿಂದ. ಅಂಗಡಿಯವರು ರಾತ್ರಿ ಫ್ರಿಜ್ ಆಫ್ ಮಾಡಿ ಬೆಳಿಗ್ಗೆ ಹಾಕಿದರೂ ಆಗುವುದು ಅದೇ. ಹೀಗಿರುವಾಗ ಬಾಳಿಕೆ ಪರೀಕ್ಷೆಯನ್ನು 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಮಾತ್ರ ಮಾಡಿ ‘ಪಾಸ್’ ಎಂದರೆ ಮೋಸಹೋದಂತೆ, ಏಕೆಂದರೆ ಅಲ್ಲಿ ಹರಳೇ ಹುಟ್ಟುವುದಿಲ್ಲ. ಐದು ಡಿಗ್ರಿಯಲ್ಲಿ ಒಂದು ದಿನ, 35ರಲ್ಲಿ ಒಂದು ದಿನ, ಹೀಗೆ ಮೂರು ಸುತ್ತು ತಿರುಗಿಸಿ ಆಮೇಲೆ ಮೈಕ್ರೋಸ್ಕೋಪ್ ಕೆಳಗಿಡಿ.

ರಾಗಿಗೆ ಬಂದರೆ ಗಾತ್ರದ ಲೆಕ್ಕ ಕೈಕೊಡುತ್ತದೆ. ಹಿಟ್ಟಿನ 100 ಮೈಕ್ರಾನ್ ಕಣ ನೀರಿಗಿಂತ ಒಂದೂವರೆ ಪಟ್ಟು ಸಾಂದ್ರ. ನೀರಿನಲ್ಲಿ ಸೆಕೆಂಡಿಗೆ ಎರಡೂವರೆ ಮಿಲಿಮೀಟರಿಗೂ ಹೆಚ್ಚು ಇಳಿಯುತ್ತದೆ, ಒಂದೇ ನಿಮಿಷದಲ್ಲಿ ಬಾಟಲಿಯ ತಳ ಸೇರುತ್ತದೆ. 20 ಮೈಕ್ರಾನ್‌ಗೆ ಬೀಸಿದರೂ ಅರ್ಧ ಗಂಟೆ ನಿಲ್ಲುವುದಿಲ್ಲ. ಸ್ನಿಗ್ಧತೆ ಹತ್ತು ಪಟ್ಟು ಹೆಚ್ಚಿಸಿದರೆ ಅರ್ಧ ಗಂಟೆ ಐದು ಗಂಟೆಯಾಗುತ್ತದೆ, ಅಷ್ಟೆ. ಇಲ್ಲಿ ಬೇಕಾದದ್ದು ನಿಂತಾಗ ಕಣವನ್ನು ಹೊರುವಷ್ಟು ಬಲವಿದ್ದು, ಬಗ್ಗಿಸಿದಾಗ ಬಿಟ್ಟುಕೊಡುವ ಸಡಿಲ ಜೆಲ್. ಜೆಲ್ಲನ್ ಗಮ್ ಶೇ 0.03ರಷ್ಟರಲ್ಲೇ ಇದನ್ನು ಮಾಡಬಲ್ಲದು. 85 ಡಿಗ್ರಿ ದಾಟಿಸಿ ಕರಗಿಸಬೇಕು, ತಣಿಯುವಾಗ ನಿಧಾನವಾಗಿ ಕಲಕುತ್ತಲೇ ಇರಬೇಕು. ಬಿಸಿಯಾಗಿ ತುಂಬಿ ಹಾಗೇ ಬಿಟ್ಟರೆ ಬಾಟಲಿಯಲ್ಲಿ ಮುದ್ದೆ ಮುದ್ದೆ ಜೆಲ್ಲಿ ಕೂರುತ್ತದೆ.

ಬೆಂದ ಪಿಷ್ಟದ್ದು ಇನ್ನೊಂದು ರಗಳೆ. ಬಿಸಿಯಲ್ಲಿ ಹದವಾಗಿದ್ದ ಅಂಬಲಿ ತಣಿದಂತೆ ಗಟ್ಟಿಯಾಗಿ, ದಿನ ಕಳೆದಂತೆ ನೀರು ಬಿಡುತ್ತದೆ. ಪಿಷ್ಟದ ಸರಪಳಿಗಳು ಮತ್ತೆ ಒತ್ತೊತ್ತಾಗಿ ಜೋಡಿಕೊಂಡು ನಡುವಿನ ನೀರನ್ನು ಹಿಂಡಿ ಹೊರಹಾಕುವುದರ ಫಲ ಅದು. ಮೊಳಕೆ ರಾಗಿಯ ಅಮೈಲೇಸ್ ಕಿಣ್ವ ಇಲ್ಲಿ ನೆರವಿಗೆ ಬರುತ್ತದೆ. ಮಾಮೂಲಿ ಹಿಟ್ಟಿನ ಗಂಜಿಯನ್ನು ಮೊದಲು ಪೂರ್ತಿ ಬೇಯಿಸಿ 60–65 ಡಿಗ್ರಿಗೆ ತಣಿಸಿ, ಹಿಟ್ಟಿನ ತೂಕದ ಶೇ 5ರಷ್ಟು ಮೊಳಕೆ ಹಿಟ್ಟು ಹಾಕಿ ಹದಿನೈದು ನಿಮಿಷ ಬಿಟ್ಟರೆ ಗಂಜಿ ಕಣ್ಣೆದುರೇ ತೆಳುವಾಗುತ್ತದೆ. ಆಮೇಲೆ ಮರೆಯದೆ ಕುದಿಸಬೇಕು. ಕಿಣ್ವ ಸಾಯದೆ ಉಳಿದರೆ ಬಾಟಲಿಯಲ್ಲೂ ಕೆಲಸ ಮುಂದುವರಿಸಿ, ಮೊದಲ ವಾರ ಹದವಾಗಿದ್ದದ್ದು ಮೂರನೇ ವಾರ ನೀರಾಗಿರುತ್ತದೆ. ಮೊಳಕೆ ಕಟ್ಟುವಾಗ ಬೆಳೆದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೂ ಆ ಕುದಿ ಬೇಕು. 2024ರ ಫೆಬ್ರುವರಿಯಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿರುವ ವ್ಯವಸ್ಥೆಯಲ್ಲಿ ಈ ತಲೆನೋವೇ ಇಲ್ಲ, ಪುಡಿ ಆಗಲೇ ಬೆರೆತು ಆಗಲೇ ಲೋಟಕ್ಕೆ ಹೋಗುತ್ತದೆ. ಪುಡಿಯಾಗಿ ಮಾರಬಹುದಾದದ್ದನ್ನು ಬಾಟಲಿಯಲ್ಲಿ ನೀರಿನ ಸಮೇತ ಏಕೆ ಮಾರಬೇಕು ಎಂಬ ಪ್ರಶ್ನೆಯನ್ನು ಸಾಲ ತೆಗೆಯುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಹದ ಅಳೆಯುವುದರಲ್ಲೂ ಒಂದು ಎಡವಟ್ಟು ಮಾಮೂಲು. ವಿಸ್ಕೋಮೀಟರ್ ತೋರಿಸಿದ ಒಂದೇ ಅಂಕಿಯನ್ನು ಬರೆದಿಟ್ಟುಕೊಂಡು ಅದೇ ಹದ ಎನ್ನುತ್ತಾರೆ. ಕ್ಸಾಂಥಾನ್ ಹಾಕಿದ ದ್ರವ ನಿಂತಾಗ ದಪ್ಪ, ನುಂಗುವಾಗ ತೆಳು. ಪಾನಕದಂಥ ಸಕ್ಕರೆ ನೀರು ಎರಡರಲ್ಲೂ ಒಂದೇ. ಆದ್ದರಿಂದ ಯಂತ್ರದ ತಿರುಗುವ ಕಡ್ಡಿಯ (ಸ್ಪಿಂಡಲ್) ಕನಿಷ್ಠ ಎರಡು ವೇಗಗಳಲ್ಲಿ, ನಿಧಾನ ಒಂದು, ಜೋರು ಇನ್ನೊಂದು, ಅದೂ ಕುಡಿಯುವ ಉಷ್ಣಾಂಶದಲ್ಲೇ ಅಳೆಯಬೇಕು. ಯಂತ್ರವೇ ಇಲ್ಲದವರಿಗೆ ನುಂಗುವ ತೊಂದರೆ ಇರುವ ರೋಗಿಗಳಿಗಾಗಿ ಆಸ್ಪತ್ರೆಗಳಲ್ಲಿ ಬಳಸುವ ಸಿರಿಂಜ್ ಪರೀಕ್ಷೆ ಇದೆ. ಹತ್ತು ಎಂಎಲ್ ಗುರುತಿನವರೆಗಿನ ಉದ್ದ 61.5 ಮಿಲಿಮೀಟರ್ ಇರುವ ಸಿರಿಂಜ್ ತೆಗೆದುಕೊಂಡು, ಪಿಸ್ಟನ್ ತೆಗೆದು, ತುದಿಗೆ ಬೆರಳಿಟ್ಟು ಹತ್ತು ಎಂಎಲ್ ತುಂಬಿ, ಬೆರಳು ತೆಗೆದು ಹತ್ತು ಸೆಕೆಂಡಿಗೆ ಮತ್ತೆ ಮುಚ್ಚಿ. ಒಂದು ಎಂಎಲ್‌ಗಿಂತ ಕಡಿಮೆ ಉಳಿದರೆ ನೀರಿನಷ್ಟು ತೆಳು; ಒಂದರಿಂದ ನಾಲ್ಕು ಉಳಿದರೆ ತುಸು ಮಂದ; ನಾಲ್ಕರಿಂದ ಎಂಟು ಉಳಿದರೆ ಅದಕ್ಕಿಂತ ಒಂದು ಮಟ್ಟ ಮಂದ. ಬ್ಯಾಚಿನಿಂದ ಬ್ಯಾಚಿಗೆ ಹೋಲಿಸಲು ಇಷ್ಟು ಸಾಕು.

ಬ್ಯಾಚಿನಿಂದ ಬ್ಯಾಚಿಗೆ ಹದ ತಪ್ಪಿದರೆ ಗಮ್ ಮಾರಿದವರನ್ನು ಬೈಯುವ ಮೊದಲು ನೀರು ಪರೀಕ್ಷಿಸಿ. ಬಯಲುಸೀಮೆಯ ಬೋರ್‌ವೆಲ್ ನೀರಿನ ಗಡಸುತನ ಮಳೆಗಾಲ ಬೇಸಿಗೆಗೆ ಬದಲಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲೇ ಲೀಟರಿಗೆ 200ರಿಂದ 600 ಮಿಲಿಗ್ರಾಂವರೆಗೆ ಅವಕಾಶವಿದೆ. ಜೆಲ್ಲನ್‌ಗೆ ಕ್ಯಾಲ್ಸಿಯಂ ಎಂದರೆ ಸೂಕ್ಷ್ಮ: ಗಡಸು ನೀರಿನಲ್ಲಿ ಅದು ಕರಗದೆ ಕಣವಾಗಿಯೇ ಉಳಿಯುತ್ತದೆ, ಹೆಚ್ಚಾದರೆ ಜೆಲ್ ಬಿರುಸಾಗುತ್ತದೆ. ರಾಗಿಯಲ್ಲೇ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದನ್ನೂ ಮರೆಯಬಾರದು. ಆರ್‌ಒ ನೀರು ಬಳಸುವುದು, ಇಲ್ಲವೇ ಗಮ್ ಹಾಕುವ ಮೊದಲು ಶೇ 0.05ರಿಂದ 0.1 ಸೋಡಿಯಂ ಸಿಟ್ರೇಟ್ ಕರಗಿಸುವುದು ವಾಡಿಕೆ.

ಇಷ್ಟೆಲ್ಲ ಮಾಡಿದರೂ ಸೂಕ್ಷ್ಮಜೀವಿ ಕೊಲ್ಲುವ ಬಿಸಿಗೆ ಬದಲಿ ಇಲ್ಲ. ಮಜ್ಜಿಗೆಯ ಪಿಎಚ್ 4.6ಕ್ಕಿಂತ ಕೆಳಗಿರುವುದರಿಂದ 85–90 ಡಿಗ್ರಿ ಸಾಕಾಗುತ್ತದೆ, ಆದರೆ ಸಾಮಾನ್ಯ ಪೆಟ್ ಬಾಟಲಿಗೆ ಬಿಸಿಯಾಗಿ ತುಂಬಿದರೆ ಬಾಟಲಿ ಸೊಟ್ಟಗಾಗುತ್ತದೆ; ಗಾಜು ಅಥವಾ ಬಿಸಿ ತಡೆಯುವ ಪೆಟ್ ಬೇಕು. ತೆಂಗಿನ ಹಾಲು, ಬಾದಾಮಿ ಹಾಲು, ರಾಗಿ ಮಾಲ್ಟ್‌ನ ಪಿಎಚ್ ಆರರ ಆಸುಪಾಸು. ಅವನ್ನು ಫ್ರಿಜ್ ಹೊರಗೆ ತಿಂಗಳುಗಟ್ಟಲೆ ಇಡಬೇಕಾದರೆ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಸಾಯುವಷ್ಟು ಬಿಸಿ, ಅಂದರೆ ಬಾಟಲಿಯ ನಟ್ಟನಡುವೆ 121 ಡಿಗ್ರಿಯಲ್ಲಿ ಕನಿಷ್ಠ ಮೂರು ನಿಮಿಷಕ್ಕೆ ಸಮನಾದದ್ದು, ಇಲ್ಲವೇ ಯುಎಚ್‌ಟಿ (ಕೆಲವೇ ಸೆಕೆಂಡು ಅತಿ ಹೆಚ್ಚು ಬಿಸಿ ಕೊಡುವ ವಿಧಾನ) ಬೇಕೇ ಬೇಕು. ಅದಕ್ಕಿಂತ ಕಡಿಮೆ ಬಿಸಿಗೆ ಗಮ್ ಸೇರಿಸಿ ಬಾಟಲಿ ಚೆನ್ನಾಗಿ ಕಂಡರೆ ಅದು ಅಪಾಯವನ್ನು ಮರೆಮಾಚಿದಂತೆ. ಸಣ್ಣ ಘಟಕಕ್ಕೆ ಫ್ರಿಜ್‌ನಲ್ಲಿಟ್ಟು ಕೆಲವೇ ದಿನಗಳಲ್ಲಿ ಮಾರುವ ದಾರಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಆರು ತಿಂಗಳು ಪದರ ಕಟ್ಟದಂತೆ ನಿಲ್ಲಿಸಲು ಬೇಕಾದ ಗಮ್ ಬೇರೆ, ಆರು ದಿನಕ್ಕೆ ಬೇಕಾದದ್ದು ಬೇರೆ.

ಗಮ್ ಕಡಿಮೆ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಮತ್ತು ಪಾಲಿಸಾರ್ಬೇಟ್ 80 ಇಲಿಗಳ ಕರುಳಿನ ಲೋಳೆಪದರ ಮತ್ತು ಬ್ಯಾಕ್ಟೀರಿಯಾಗಳನ್ನು ಕೆಡಿಸುತ್ತವೆ ಎಂದು 2015ರಲ್ಲಿ ಪ್ರಕಟವಾದ ಪ್ರಯೋಗದ ನಂತರ ಗಿರಾಕಿಗಳು ಲೇಬಲ್ ತಿರುಗಿಸಿ ಓದತೊಡಗಿದ್ದಾರೆ. 2022ರಲ್ಲಿ ಪ್ರಕಟವಾದ, ಮನುಷ್ಯರ ಮೇಲಿನ ಸಣ್ಣ ಪ್ರಯೋಗದಲ್ಲಿ ದಿನಕ್ಕೆ 15 ಗ್ರಾಂ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಕೊಟ್ಟಿದ್ದರು, ಶೇ 0.2 ಗಮ್ ಇರುವ 200 ಎಂಎಲ್ ಬಾಟಲಿಯಲ್ಲಿ ಇರುವುದು 0.4 ಗ್ರಾಂ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಪೆಕ್ಟಿನ್, ಜೆಲ್ಲನ್, ಪಾಲಿಸಾರ್ಬೇಟ್‌ಗಳನ್ನೆಲ್ಲ ‘ಕೆಮಿಕಲ್’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸುವುದೂ ಅಷ್ಟೇ ತಪ್ಪು. ‘ಏನೂ ಬೆರೆಸಿಲ್ಲ’ ಎಂದು ಬರೆಯಬೇಕೆಂದಿದ್ದರೆ ಪದರ ಕಟ್ಟುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಕುಲುಕಿದಾಗ ಮತ್ತೆ ಬೆರೆಯುವಂತೆ ನೋಡಿಕೊಂಡರಾಯಿತು. ತಳದಲ್ಲಿ ಸಡಿಲವಾಗಿ ಕೂತ ಗಷ್ಟು ಹತ್ತು ಸಲ ಕುಲುಕಿದರೆ ಏಳುತ್ತದೆ; ಗಾರೆಯಂತೆ ಬಿಗಿದ ಗಷ್ಟು ಏಳುವುದಿಲ್ಲ. ಒಂದೊಂದೇ ಬಿಡಿಯಾಗಿ ಇಳಿದ ಸಣ್ಣ ಕಣಗಳು ಬಿಗಿಯಾಗಿ ಅಡಕವಾಗುತ್ತವೆ, ಸಡಿಲ ಗುಂಪುಗಳಾಗಿ ಇಳಿದವು ಹಗುರವಾಗಿ ಕೂರುತ್ತವೆ. ಆದ್ದರಿಂದ ಕುಲುಕಿ ಕುಡಿಯುವ ಪಾನೀಯಕ್ಕೆ ತುಸು ಗುಂಪುಗೂಡಿದ ಕಣಗಳೇ ಮೇಲು.

ಕುಲುಕುವುದಕ್ಕೆ ಜಾಗವೂ ಬೇಕಲ್ಲ. ಕತ್ತಿನವರೆಗೆ ತುಂಬಿ ಮುಚ್ಚಿದ ಬಾಟಲಿಯನ್ನು ಎಷ್ಟು ಅಲುಗಾಡಿಸಿದರೂ ಒಳಗಿನ ದ್ರವ ಸರಿಯಾಗಿ ಮಗುಚಿಕೊಳ್ಳುವುದಿಲ್ಲ. 200 ಎಂಎಲ್ ಬಾಟಲಿಯಲ್ಲಿ ಹತ್ತು ಹದಿನೈದು ಎಂಎಲ್ ಖಾಲಿ ಬಿಟ್ಟು ತುಂಬಬೇಕು, ಲೇಬಲ್ ಮೇಲಿನ ನಿವ್ವಳ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಮುದ್ರಿಸಬೇಕು.